ಚಿತ್ರದ ಕೆಳಗಿನ ತಾರೀಖು

ಮಹಿಳಾ ವಿದ್ಯಾರ್ಥಿನಿಲಯ,
ರಾಯಚೂರು.
ತಾ. 19-2-1984, ರವಿವಾರ

ಯವ್ವಾ,

ನಿನ್ನ ಮಗಳು ಅಂಬಮ್ಮ ಮಾಡುವ ನಮಸ್ಕಾರಗಳು. ‘ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ’ ಎಂದು ಶುರುಮಾಡಬೇಕೆಂದು ಶಾಲೆಯ ಹಾಸ್ಟೆಲಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದರು. ನಮ್ಮ ಮನೆಯಲ್ಲಿ ಈಗ ಯಾರಿಗೂ ನೆಮ್ಮದಿ ಇಲ್ಲವೆಂದು ಗೊತ್ತಿದ್ದು, ಅದಕ್ಕೆ ನಾನೇ ಕಾರಣವೆಂದೂ ಗೊತ್ತಿದ್ದು, ಆ ಸಾಲು ಬರೆಯಲು ಕೈ ಏಳಲಿಲ್ಲ. ಬೆಳಗಿನಿಂದ ನಾಲ್ಕು ಹಾಳೆ ಹರಿದು ಹಾಕಿದ್ದೇನೆ. ಇದನ್ನು ಹರಿಯುವುದಿಲ್ಲ.

ಬುಧವಾರ ನಿನ್ನ ಇನ್‌ಲ್ಯಾಂಡ್ ಪತ್ರ ಬಂತು. ವಯಸ್ಕರ ಶಾಲೆಯಲ್ಲಿ ಅಕ್ಷರ ಕಲಿತ ಮೇಲೆ ನೀನು ಕೈಯಾರೆ ಬರೆದ ಪತ್ರಗಳಲ್ಲಿ ಇಷ್ಟು ಚಿಕ್ಕದು ಯಾವುದೂ ಇರಲಿಲ್ಲ. “ನಿಮ್ಮಜ್ಜಿ ಕೈಯಾಗಿನ ಬಳಿ ತಗದು ನಿಮ್ಮ ತಾತನ ಕೈಯಾಗ ಇಟ್ಟು ಗುಂಜಹಳ್ಳಿಗಿ ಹೋಗ್ಯಾಳ. ಓಣ್ಯಾಗ ಜನ ನನ್ನ ಮಾರಿ ನೋಡಾಕತ್ತಾರ. ನೀ ಆಕಿಗಿ ಏನ್ ಹೇಳಿದಿ?” ಅಷ್ಟೇ. ಕೆಳಗೆ ನಿನ್ನ ಹೆಸರನ್ನೂ ಬರೆದಿರಲಿಲ್ಲ. ಆ ಪತ್ರವನ್ನು ಇತಿಹಾಸದ ನೋಟ್‌ಬುಕ್ಕಿನಲ್ಲಿಟ್ಟು ಕ್ಲಾಸಿಗೆ ಹೋದೆ. ಮೇಡಂ ನನ್ನನ್ನು ಏನೋ ಕೇಳಿದರು, ಎದ್ದು ನಿಂತೆ, ಏನು ಕೇಳಿದರೆಂದು ಈಗಲೂ ನೆನಪಿಲ್ಲ.

ನಾನು ಏನು ಹೇಳಿದೆನೆಂದು ಎಲ್ಲವನ್ನೂ ಬರೆಯುತ್ತೇನೆ. ಕಡೆಯಲ್ಲಿ ಒಂದು ಒಳ್ಳೆಯ ಸುದ್ದಿ ಇದೆ, ಆದ್ದರಿಂದ ನಡುವೆ ಗಾಬರಿಯಾಗಿ ನಿಲ್ಲಿಸಬೇಡ. ಪತ್ರ ಮುಟ್ಟಿದ ಮರುದಿನವೇ ದೇವದುರ್ಗದಿಂದ ಮೊದಲ ಬಸ್ಸು ಹಿಡಿದು ಗುಂಜಹಳ್ಳಿಗೆ ಹೋಗಿ ಅಜ್ಜಿಯ ಮುಂದೆ ಕುಳಿತು ಇದನ್ನೇ ಓದು. ಬಾಯಿಮಾತಿನಲ್ಲಿ ಹೇಳಬೇಡ, ಓದು. ಅದಕ್ಕೆಂದೇ ಅಕ್ಷರಗಳನ್ನು ದೊಡ್ಡದಾಗಿ ಬಿಡಿಸಿ ಬರೆಯುತ್ತಿದ್ದೇನೆ.

ದೀಪಾವಳಿಯ ಹೊತ್ತಿಗೆ ನಮ್ಮ ಕಾಲೇಜಿನ ಲೈಬ್ರರಿಗೆ ಕೆನಡಾ ದೇಶದಿಂದ ದಾನದ ಪುಸ್ತಕಗಳ ಪೆಟ್ಟಿಗೆಯೊಂದು ಬಂತು. ಅದರಲ್ಲಿ ಒಂದು, ನಮ್ಮ ರೊಟ್ಟಿ ಬಡಿಯುವ ಕೊಣಮಿಗೆಯಷ್ಟು ಅಗಲದ ಚಿತ್ರಗಳ ಪುಸ್ತಕ. ಇತಿಹಾಸ ಹೇಳುವ ಅಹಲ್ಯಾಬಾಯಿ ಮೇಡಂ ಅದನ್ನು ನನ್ನ ಮುಂದೆ ಇಟ್ಟು, “ಫಸ್ಟ್ ಇಯರ್‌ನಾಗ ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳಾಕಿ ನೀ ಒಬ್ಬಾಕಿನ ಇದ್ದಿ. ಇತಿಹಾಸ ಸಂಘದಾಗ ಹತ್ತು ನಿಮಿಷ ಇದರ ಬಗ್ಗೆ ಮಾತಾಡು” ಎಂದರು. ಕನ್ನಡ ಬಲ್ಲವರ ಮುಂದೆ ನನ್ನ ಕನ್ನಡ ಸಾಲದು, ಇಂಗ್ಲಿಷ್ ಬಲ್ಲವರ ಮುಂದೆ ಇಂಗ್ಲಿಷ್ ಸಾಲದು. ಐದನೆಯ ವರ್ಷಕ್ಕೇ ನನ್ನನ್ನು ಹಾಸ್ಟೆಲಿಗೆ ಬಿಟ್ಟಿರಿ. ಬಿಟ್ಟದ್ದು ತಪ್ಪೆಂದು ಹೇಳುತ್ತಿಲ್ಲ. ಎರಡು ಕಡೆಗೂ ಅರ್ಧರ್ಧ ಆಗಿದ್ದೇನೆ, ಅಷ್ಟೇ.

ದಿನಾ ಮಧ್ಯಾಹ್ನ ಲೈಬ್ರರಿಯಲ್ಲಿ ಕುಳಿತು ಆ ಪುಸ್ತಕ ನೋಡತೊಡಗಿದೆ. ಕೆನಡಾ ಎಂದರೆ ಗೋಧಿ ಬೆಳೆಯುವ, ಹಿಮ ಬೀಳುವ ದೇಶ. ಆ ಚಿತ್ರಗಳೆಲ್ಲ ಎರಡನೆಯ ಮಹಾಯುದ್ಧದವು; ಆ ಯುದ್ಧ ಅವರ ಹೊಲಗಳಿಗೆ ಬರಲಿಲ್ಲ. ಅವರ ಹುಡುಗರೇ ಹಡಗು ಹತ್ತಿ ಸಮುದ್ರ ದಾಟಿ ಅದರ ಬಳಿಗೆ ಹೋದರು. ಅಲ್ಲಿ ಏನು ನಡೆಯಿತೆಂದು ಮನೆಯಲ್ಲಿದ್ದವರಿಗೆ ಕಾಣಲಿ ಎಂದು ಸರ್ಕಾರವು ಚಿತ್ರ ಬರೆಯುವವರಿಗೂ ಸೈನ್ಯದ ಬಟ್ಟೆ ತೊಡಿಸಿ ಕಳಿಸಿತ್ತು. ಅವರು ಕೆಸರಿನಲ್ಲಿ ಕುಳಿತು, ಚಳಿಗೆ ಬೆರಳು ಸೆಟೆದರೂ ಬರೆದರು. ಒಂದು ಚಿತ್ರದಲ್ಲಿ ಮಳೆಹನಿ ಬಿದ್ದು ಬಣ್ಣ ಹರಡಿಕೊಂಡಿದೆ, ಅದನ್ನು ಹಾಗೆಯೇ ಬಿಟ್ಟಿದ್ದಾರೆ. ಇನ್ನೊಂದರಲ್ಲಿ ಹುಡುಗರು ಗೋಡೆಗೆ ಒರಗಿ ಬಾಯಿ ತೆರೆದು ಬಿದ್ದಿದ್ದಾರೆ; ಸತ್ತವರೋ ನಿದ್ದೆ ಹೋದವರೋ ತಿಳಿಯದೆ ನಾನು ಗಡಿಬಿಡಿಯಲ್ಲಿ ಕೆಳಗಿನ ಸಾಲು ಓದಿದೆ. ನಿದ್ದೆ ಎಂದು ಬರೆದಿತ್ತು. ಎದೆ ಹಗುರಾಯಿತು, ಅವರು ಯಾರೋ ನಾನು ಯಾರೋ. ಕುಸಿದ ಮನೆಯ ಮುಂದೆ ಮುದುಕಿಯೊಬ್ಬಳು ಬಟ್ಟೆ ಒಣಹಾಕುವ ಚಿತ್ರವೂ ಇತ್ತು. ಬಾವುಟ ಹಿಡಿದು ನಿಂತವರ ಚಿತ್ರ ಹುಡುಕಿದೆ, ಒಂದೂ ಇರಲಿಲ್ಲ.

ನೂರ ಹನ್ನೆರಡನೆಯ ಪುಟದಲ್ಲಿ ಅವನು ಇದ್ದ.

ಬೆಟ್ಟದ ದಾರಿ, ಜಡಿಮಳೆ. ಹೇಸರಗತ್ತೆಗಳ ಸಾಲು, ಅಜ್ಜಿ ಖಚ್ಚರ ಎನ್ನುತ್ತಾಳಲ್ಲ, ಅವೇ. ಬಿಳಿಯ ಸೈನಿಕರೆಲ್ಲ ಮೇಣಗಪ್ಪಡ ಹೊದ್ದು ಬಗ್ಗಿಕೊಂಡಿದ್ದಾರೆ. ಮುಂದಿನ ಪ್ರಾಣಿಯ ಹಗ್ಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಒಬ್ಬ ಮಾತ್ರ ತಲೆಯ ಮೇಲೆ ಕರಿ ಕಂಬಳಿಯ ಕೊಪ್ಪೆ ಹಾಕಿಕೊಂಡಿದ್ದಾನೆ. ಕುರಿ ಹಿಂದೆ ಹೋಗುವಾಗ ನಮ್ಮ ತಾತ ಹಾಕಿಕೊಳ್ಳುವಂಥದೇ ಕೊಪ್ಪೆ, ಅದೇ ಮಡಿಕೆ. ನಡೆಯುತ್ತಲೇ ಉಣ್ಣೆ ನೂಲುತ್ತಿದ್ದಾನೆ. ಕದಿರು ಎಡಗೈಯಲ್ಲಿದೆ.

ಕೆಳಗೆ ಇಂಗ್ಲಿಷಿನಲ್ಲಿ ಹೀಗೆ ಅಚ್ಚಾಗಿತ್ತು: ‘ಇಟಲಿಯ ಗುಡ್ಡಗಳಲ್ಲಿ ಹೇಸರಗತ್ತೆ ನಡೆಸುವ ಭಾರತೀಯ, 1946.’

ನನಗೆ ಮನೆಯ ಕಥೆ ಗೊತ್ತಿದ್ದದ್ದು ತುಣುಕು ತುಣುಕು. ತಾತ ಸಿದ್ದರಾಮಪ್ಪನ ಮನೆಗೆ ಬರುವ ಮೊದಲು ಅಜ್ಜಿಗೆ ಗುಂಜಹಳ್ಳಿಯ ಕನಕರಾಯನೆಂಬ ಗಂಡನಿದ್ದ. ಅವನು ಎಡಚ. ಬ್ರಿಟಿಷರ ಸೈನ್ಯದಲ್ಲಿ ಖಚ್ಚರ ನೋಡಿಕೊಳ್ಳಲು ಸೇರಿ ಸಮುದ್ರದಾಚೆ ಹೋದ. ಅಲ್ಲೊಂದು ಹೊಳೆಯ ಪ್ರವಾಹದಲ್ಲಿ ಪ್ರಾಣಿಗಳ ಸಮೇತ ಕೊಚ್ಚಿಹೋದನೆಂದು, ಹೆಣ ಸಿಗಲಿಲ್ಲವೆಂದು ತಾರು ಬಂತು. ಇಷ್ಟು ಗೊತ್ತಿತ್ತು. ತಾರು ಯಾವ ವರ್ಷ ಬಂತು, ಆಮೇಲೆ ಎಷ್ಟು ದಿನಕ್ಕೆ ಅಜ್ಜಿ ದೇವದುರ್ಗಕ್ಕೆ ಬಂದಳು, ಹೇಗೆ ಬಂದಳು, ಇದನ್ನೆಲ್ಲ ನನಗೆ ಯಾರೂ ಹೇಳಿರಲಿಲ್ಲ. ರಜೆಗೆ ಬಂದ ಹುಡುಗಿಗೆ ಅಂಥದ್ದನ್ನು ಯಾರು ಹೇಳುತ್ತಾರೆ?

ಸಂಕ್ರಾಂತಿಗೆ ಬಂದಾಗ ಅಜ್ಜಿ ಒಲೆಯ ಮುಂದೆ ಕುಳಿತು ಎಳ್ಳು ಹಚ್ಚಿದ ಸಜ್ಜಿರೊಟ್ಟಿ ಬಡಿಯುತ್ತಿದ್ದಳು. ನೀನು ನೀರಿಗೆ ಹೋಗಿದ್ದೆ. ನನಗೆ ಏನೋ ದೊಡ್ಡ ಉಡುಗೊರೆ ತಂದವಳಂತೆ ಸಂಭ್ರಮ. ಪುಸ್ತಕವನ್ನು ಹೊರಗೆ ಒಯ್ಯಲು ಬಿಡುವುದಿಲ್ಲವಾದ್ದರಿಂದ ಬಾಯಲ್ಲೇ ಚಿತ್ರ ವರ್ಣಿಸಿದೆ. ಕೊಪ್ಪೆ ಎಂದಾಗ ಅಜ್ಜಿ ನಕ್ಕು, “ಕುರುಬರ ಹುಡುಗ್ರು ಯಾ ದೇಶಕ್ಕ ಹೋದ್ರೂ ಕಂಬಳಿ ಬಿಡೂದಿಲ್ಲ ತಗಿ” ಎಂದಳು. ಕದಿರು ಎಂದಾಗ ನಗು ನಿಲ್ಲಿಸಿದಳು.

“ಯಾವ ಕೈಯಾಗ ನೂಲಾಕತ್ತಾನ?”

“ಎಡಗೈಯಾಗ.”

ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ನಾನೇ ತೆಗೆದೆ. “ಅದು ಯಾವಾಗಿಂದು?” ಎಂದಳು. 1946 ಎಂದೆ. “ನಿನ್ನ ಇಸವಿ ನನಗ ತಿಳೀದಿಲ್ಲ, ನಮ್ಮ ಲೆಕ್ಕದಾಗ ಹೇಳು” ಎಂದಳು. ನಾನು ಬೆರಳು ಮಡಿಸಿ, ರಜಾಕಾರರ ಗದ್ದಲಕ್ಕೆ ಎರಡು ವರ್ಷ ಮೊದಲು, ಅಜ್ಜಿ ನಿನ್ನನ್ನು ಹಡೆಯುವುದಕ್ಕೆ ಒಂದು ವರ್ಷ ಮೊದಲು ಎಂದು ಲೆಕ್ಕ ಹೇಳಿದೆ. ಹೇಳಿ, “ತಾರು ಸುಳ್ಳಿತ್ತಜ್ಜಿ! ಆತ ಆಗೂ ಬದುಕಿದ್ದ!” ಎಂದೆ. ನಗುತ್ತ ಹೇಳಿದೆ ಯವ್ವಾ.

ಅಜ್ಜಿ, “ಅಷ್ಟೊತ್ತಿಗೆ ನನ್ನ ಉಡಿಕಿ ಆಗಿ ವರ್ಷ ಆಗಿತ್ತು” ಎಂದಳು. ಮತ್ತೆ ರೊಟ್ಟಿ ಬಡಿಯತೊಡಗಿದಳು. ಆ ಮಾತಿನ ತೂಕ ನನಗೆ ತಿಳಿಯಲೇ ಇಲ್ಲ. ನಾನು ಎರಡು ರೊಟ್ಟಿ ತಿಂದು ಹೊರಗೆ ಹೋದೆ.

ನಿನ್ನ ಪತ್ರ ಬಂದ ಮರುದಿನ ಕ್ಲಾಸು ಬಿಟ್ಟು ಗುಂಜಹಳ್ಳಿಗೆ ಹೋದೆ. ವಾರ್ಡನ್ ಸತ್ಯಭಾಮಾಬಾಯಿಯವರಿಗೆ ಹಲ್ಲುನೋವೆಂದು ಹೇಳಿದ್ದೆ. ಕನಕರಾಯನ ತಮ್ಮನ ಮಗ ಈಗ ಆ ಮನೆಯಲ್ಲಿದ್ದಾನೆ. ಅವನ ಹೆಂಡತಿ ತಿಮ್ಮವ್ವ ಬಾಗಿಲಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಬಾರವ್ವ, ಕಾಲೇಜಿನಾಕಿ! ನಮ್ಮತ್ತಿ ಕಣ್ಮುಚ್ಚಿ ಎರಡು ವರ್ಷ ಆರಾಮ ಇದ್ದೆ. ನೀ ನೋಡಿದ್ರ ಚಿತ್ರದಾಗಿಂದ ಇನ್ನೊಬ್ಬಾಕಿ ಅತ್ತಿನ್ನ ತಗದು ಕಳಿಸಿಯಲ್ಲ!”

ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ ಮೆತ್ತಗಾದಳು. “ನಗ್ಸಾಕ ಅಂದೆ ಬೇ. ಆಕಿ ಒಂದು ತುತ್ತಿಗಿ ಭಾರ ಏನಲ್ಲ. ಬೆಳಗ್ಗೆದ್ದು ನನಗಿಂತ ಮೊದ್ಲು ಕಸ ಹೊಡೀತಾಳ. ಆದ್ರ ರಾತ್ರಿ ಮಲಗೂದು ಹೊರಗ, ಕಟ್ಟಿ ಮ್ಯಾಲ. ಒಳಗ ಬಾ ಅಂದ್ರ ‘ಆ ಹಕ್ಕು ಕಳ್ಕೊಂಡೀನಿ’ ಅಂತಾಳ.” ಉಡಿಕಿ ಎಂದರೇನೆಂದು ನನಗೆ ಬಿಡಿಸಿ ಹೇಳಿದವಳು ಅವಳೇ. ಗಂಡ ಸತ್ತವಳು, ಕುಲದ ಹಿರಿಯರು ಕುಳಿತು ಒಪ್ಪಿದ ಮೇಲೆ, ಇನ್ನೊಬ್ಬನ ಕೈಯಿಂದ ಸೀರೆ ಬಳೆ ಪಡೆದು ಅವನ ಮನೆಗೆ ಹೋಗಬಹುದು. ಗಂಡ ಸತ್ತಿರಬೇಕು, ಇಲ್ಲವೇ ಹಿರಿಯರ ಮುಂದೆ ಅವನೇ ಬಿಟ್ಟುಕೊಟ್ಟಿರಬೇಕು. ಎರಡೂ ಅಲ್ಲದಿದ್ದರೆ ಅದು ಉಡಿಕಿಯೇ ಅಲ್ಲ. ಓಣಿಯ ಜನ ನಿನ್ನ ಮುಖವನ್ನು ಯಾಕೆ ನೋಡುತ್ತಾರೆಂದು ನನಗೆ ಆಗ ಅರ್ಥವಾಯಿತು.

ಅಜ್ಜಿ ಹಿತ್ತಲಲ್ಲಿ ಉಣ್ಣೆಯಲ್ಲಿನ ಮುಳ್ಳು ಆರಿಸುತ್ತಿದ್ದಳು. ಕೈಗಳು ಬರಿದು. ಮನೆಗೆ ಬಾ ಎಂದು ಕಾಲು ಹಿಡಿದೆ. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತನ್ನಷ್ಟಕ್ಕೆ ತಾನು ಮಾತಾಡಿದಳು.

“ಬದುಕಿದ್ರ ಬರಲಾರ್ದ ಇರಾಂವ ಅಲ್ಲ ಆತ. ಬಂದಿರ್ತಾನ. ರಾಯಚೂರ ಟೇಶನ್ನಿನಾಗ ಇಳದಿರ್ತಾನ. ಊರಾನವ್ರು ಯಾರರ ಸಿಕ್ಕು ‘ನಿನ್ನ ಹೇಣ್ತಿ ಉಡಿಕಿ ಆಗಿ ಹ್ವಾದ್ಳು’ ಅಂದಿರ್ತಾರ. ಅಲ್ಲಿಂದಾನ ಹೊಳ್ಳಿ ಹೋಗಿರ್ತಾನ. ಆವತ್ತು ನಾ ಏನ್ ಮಾಡಾಕತ್ತಿದ್ದೆ, ಹೇಳು? ನಿಮ್ಮ ತಾತನ ಮನ್ಯಾಗ ನಗಾಕತ್ತಿದ್ದೆ. ನಾ ಭಾಳ ನಗತಿದ್ದೆ ಆಗ.”

ತಾತ ಊಟ ಬಿಟ್ಟಿರುತ್ತಾನೆ ಎಂದೆ. “ಆತಂದೇನು ತಪ್ಪಿಲ್ಲ. ಅದಕ್ಕ ಬಳಿ ಒಡೀಲಿಲ್ಲ, ತಗದು ಕೈಯಾಗ ಇಟ್ಟು ಬಂದೀನಿ” ಎಂದಳು. ನಾನು ಮತ್ತೆ ಏನೋ ಹೇಳಹೋದೆ. “ಬ್ಯಾಡ ಅಂಬಿ. ಓದಿದಾಕಿ ನೀ. ನಿನ್ನ ಬಾಯಿಂದ ಒಮ್ಮಿ ಬಂದದ್ದು ಸಾಕು” ಎಂದಳು. ನಾನು ಬಸ್ಸಿಗೆ ಹೊರಟಾಗ ತಿಮ್ಮವ್ವ ಸೆರಗಿನಲ್ಲಿ ಶೇಂಗಾ ಕಟ್ಟಿ ಕೊಟ್ಟಳು. ಅದನ್ನು ಸಹ ತಿನ್ನಲಾಗಲಿಲ್ಲ.

ಶುಕ್ರವಾರ ಮಧ್ಯಾಹ್ನ ತಾತ ಹಾಸ್ಟೆಲಿಗೆ ಬಂದ. ನಿನಗೆ ಹೇಳಿ ಬಂದಿದ್ದನೋ ಇಲ್ಲವೋ ತಿಳಿಯದು. ಗಂಡಸರಿಗೆ ರವಿವಾರ ಬಿಟ್ಟು ಬೇರೆ ದಿನ ಪ್ರವೇಶವಿಲ್ಲ, ವಾರ್ಡನ್ ಹೊರಗೆ ಬಂದು, “ಈಗ ಭೆಟ್ಟಿ ಇಲ್ರೀ ಹಿರಿಯರ” ಎಂದರೆ, “ನಾ ಗಂಡಸಂತ ಯಾರು ಹೇಳ್ಯಾರ್ರೀ ಬಾಯಾರ? ಎಪ್ಪತ್ತಾತು” ಎಂದನಂತೆ. ಅವರು ನಕ್ಕು ಕರೆಸಿದರು. ನಾನು ತಲೆ ತಗ್ಗಿಸಿ ನಿಂತೆ.

“ಬಸ್ಸಿನಾಗ ಕುಂತು ನಿನಗ ಬೈಯಾಕ ಬೈಗಳ ಜೋಡಿಸ್ಕೊಂಡು ಬಂದಿದ್ದೆ ಬೇ ಯವ್ವಾ. ನಿನ್ನ ಮಾರಿ ನೋಡಿದ್ಕೂಡ್ಲೆ ಒಂದೂ ನೆಪ್ಪಿಗಿ ಬರವಲ್ದು” ಎಂದ. ಆಮೇಲೆ, “ಆ ಚಿತ್ರ ನನಗ ತೋರ್ಸು” ಎಂದ.

ತೋರಿಸಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚನೆ. ನಾನು ತಡೆದರೆ ತಾತ ತಾನೇ ಒಳಗೆ ಹೋಗಿ ಕೇಳುವವನು. ಲೈಬ್ರರಿಯ ಶೇಷಗಿರಿ ಸರ್, “ಚಪ್ಪಲಿ ಹೊರಗ ಬಿಡ್ರಿ” ಎಂದರು. “ಕಂಬಳಿನೂ ಬಿಡ್ಲೇನ್ರಿ?” ಎಂದ ತಾತ. “ಅದು ಇರಲಿ, ಫ್ಯಾನಿನ ಗಾಳಿ ಜೋರದ” ಎಂದರು ಅವರು. ನಾನು ಪುಸ್ತಕ ತಂದು ನೂರ ಹನ್ನೆರಡನೆಯ ಪುಟ ತೆರೆದೆ.

ತಾತ ಬಹಳ ಹೊತ್ತು ನೋಡಿದ. ಚಿತ್ರವನ್ನು ಮುಟ್ಟಬಹುದೇ ಎಂದು ನನ್ನನ್ನು ಕೇಳಿ, ಬೆರಳನ್ನು ಪಂಚೆಗೆ ಒರೆಸಿಕೊಂಡು, ಕೊಪ್ಪೆಯ ಅಂಚಿನ ಮೇಲೆ ಇಟ್ಟ. ಆ ಮನುಷ್ಯನನ್ನು ಕಂಡು ಬಲ್ಲವರು ನಮ್ಮಲ್ಲಿ ಅಜ್ಜಿಯನ್ನು ಬಿಟ್ಟರೆ ಅವನೊಬ್ಬನೇ. ‘ಇವನಲ್ಲ’ ಎಂದು ಒಂದು ಮಾತು ಅಂದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು, ಅಜ್ಜಿ ಸಂಜೆಯ ಬಸ್ಸಿಗೆ ಮನೆಗೆ ಬರುತ್ತಿದ್ದಳು. ತಾತನಿಗೂ ಅದು ಗೊತ್ತಿತ್ತು. ನಾನು ಒಳಗೊಳಗೇ ಅವನು ಹಾಗೆ ಅನ್ನಲಿ ಎಂದು ಬೇಡಿಕೊಳ್ಳುತ್ತಿದ್ದೆ.

“ಅವನ ಇಂವ,” ಎಂದ ತಾತ. “ಮಾನ್ವಿ ಕುರಿ ಸಂತ್ಯಾಗ ಇವನ ಕೂಡ ಚೌಕಾಸಿ ಮಾಡೀನಿ. ಒಂದು ಟಗರಿಗಿ ಹೊತ್ತು ಮುಳುಗೂಮಟ ಜಗಳ. ಜಗಳಾಡಿಕೋತನ ಎಡಗೈಲೆ ನೂಲೂದು. ಇದು ಅವನ ಕುತ್ತಿಗಿ, ಇದು ಅವನ ನಿಲುವು. ಸುಳ್ಳು ಯಾಕ ಹೇಳ್ಲಿ?”

ಅಜ್ಜಿಗೆ ಇದನ್ನು ಓದುವಾಗ ಈ ಭಾಗವನ್ನು ನಿಧಾನವಾಗಿ ಓದು.

ಆಮೇಲೆ ತಾತ, ಉಡಿಕಿ ಆದದ್ದು ಯುದ್ಧ ಮುಗಿದ ಬೇಸಿಗೆಯಲ್ಲಿ, ತಾರು ಬಂದದ್ದು ಅದರ ಹಿಂದಿನ ವರ್ಷದ ಸಂಕ್ರಾಂತಿಗೆ ಎಂದು ಲೆಕ್ಕ ಹೇಳಿ, “ಇದು ಯಾ ವರ್ಷದ್ದು ಅಂತ ಗಟ್ಟಿ ಬರದದ?” ಎಂದು ಕೇಳಿದ. ನಾನು ಕೆಳಗಿನ ಸಾಲು ತೋರಿಸಿ 1946 ಎಂದೆ. ನಮ್ಮ ಮಾತು ಕೇಳಿ ಶೇಷಗಿರಿ ಸರ್ ಹತ್ತಿರ ಬಂದು ಬಗ್ಗಿ ನೋಡಿದರು.

“ಅದು ಪೇಂಟಿಂಗ್ ಮಾಡಿದ ವರ್ಷ ಅಮ್ಮ. ಗುಂಡು ಹಾರಾಡೋ ಜಾಗದಾಗ ಕೂತು ಇಷ್ಟು ದೊಡ್ಡ ಎಣ್ಣೆಬಣ್ಣದ ಚಿತ್ರ ಯಾರು ಬರೀತಾರ? ಅಲ್ಲಿ ಪೆನ್ಸಿಲಿನಾಗ ಗೀಚಿಕೊಂಡು ಬರೋದು. ಯುದ್ಧ ಮುಗಿದ ಮ್ಯಾಲೆ ಆ ಗೀಚಿದ್ದು ನೋಡಿ ಆರಾಮ ಕೂತು ಬರೆಯೋದು. ಇವರಿಗೆಲ್ಲ ಅದೇ ಕೆಲಸ ಕೊಟ್ಟಿದ್ರು. ಮುನ್ನುಡ್ಯಾಗೇ ಅದನಲ್ಲ, ಓದಲಿಲ್ಲೇನು?”

ಓದಿರಲಿಲ್ಲ. ಮುನ್ನುಡಿ ಇಪ್ಪತ್ತು ಪುಟವಿತ್ತು, ಇಂಗ್ಲಿಷ್ ಕಠಿಣವಿತ್ತು, ಬಿಟ್ಟು ಚಿತ್ರಗಳಿಗೆ ಹೋಗಿದ್ದೆ. ಹತ್ತು ನಿಮಿಷ ಭಾಷಣ ಮಾಡಿ ಚಪ್ಪಾಳೆ ಹೊಡೆಸಿಕೊಂಡವಳು ನಾನು! ಮುನ್ನುಡಿ ಓದದ ಒಬ್ಬ ಹುಡುಗಿಯಿಂದಾಗಿ ಅಜ್ಜಿ ಕಟ್ಟೆಯ ಮೇಲೆ ಮಲಗುವಂತಾಯಿತು.

“ಹಿಂದ ಪಟ್ಟಿ ಇರ್ತದ ನೋಡು, ಯಾವ ಸ್ಕೆಚ್ ಯಾವಾಗ ಮಾಡಿದ್ದು ಅಂತ” ಎಂದು ಹೇಳಿ ಸರ್ ಕೌಂಟರಿನ ಕಡೆ ಹೋದರು, ಅಲ್ಲಿ ಯಾರೋ ಕಾಯುತ್ತಿದ್ದರು. ನಾನು ಹಿಂದಿನ ಪುಟಗಳನ್ನು ತಿರುವಿ ನೂರ ಹನ್ನೆರಡನೆಯ ಸಂಖ್ಯೆಯನ್ನು ಹುಡುಕಿ ಓದಿದೆ. ಸ್ಕೆಚ್ ಮಾಡಿದ್ದು 1943, ಡಿಸೆಂಬರ್. ತಾತ ಹೇಳಿದ ಪ್ರಕಾರ ತಾರು ಬಂದದ್ದು ಮರುತಿಂಗಳು, 1944ರ ಸಂಕ್ರಾಂತಿಗೆ. ಅಂದರೆ ಚಿತ್ರದಲ್ಲಿ ಕನಕರಾಯ ನೂಲುತ್ತ ನಡೆಯುತ್ತಿರುವುದು ಸಾಯುವುದಕ್ಕೆ ಕೆಲವೇ ದಿನ ಮೊದಲು. ಆ ಮಳೆ, ಆ ಹೊಳೆ ತುಂಬಿ ಬಂದ ಮಳೆಯೇ. ತಾರು ಸುಳ್ಳಲ್ಲ. ಅವನು ರಾಯಚೂರು ಸ್ಟೇಶನ್ನಿನಲ್ಲಿ ಇಳಿಯಲಿಲ್ಲ, ಯಾರ ಮಾತನ್ನೂ ಕೇಳಲಿಲ್ಲ, ತಿರುಗಿ ಹೋಗಲೂ ಇಲ್ಲ. ಅಜ್ಜಿಯ ಉಡಿಕಿ ಆದದ್ದು ಅದಕ್ಕೂ ಒಂದೂವರೆ ವರ್ಷದ ನಂತರ, ಯುದ್ಧ ಮುಗಿದ ಬೇಸಿಗೆಯಲ್ಲಿ. ಅದು ಸರಿಯಾಗಿಯೇ ಆಗಿದೆ. ನೀನು ಯಾರಿಗೂ ಮುಖ ಮರೆಸಬೇಕಾಗಿಲ್ಲ.

ಇದೇ ನಾನು ಹೇಳಿದ ಒಳ್ಳೆಯ ಸುದ್ದಿ.

ತಾತ ಕುಣಿದಾಡುತ್ತಾನೆಂದುಕೊಂಡಿದ್ದೆ. ಅವನು ಕಂಬಳಿಯಿಂದ ಮುಖ ಒರೆಸಿಕೊಂಡು, “ಖುಷಿ ಪಡಾಕ ನಾಚಿಕಿ ಆಗ್ತದ ಯವ್ವಾ. ಒಬ್ಬಾಂವ ಸತ್ತದ್ದು ಗಟ್ಟಿ ಆತು ಅಂತ ನಾ ನಗ್ಲೇನು?” ಎಂದ. ಹೊರಗೆ ಬಂದ ಮೇಲೆ ಚಪ್ಪಲಿ ಮೆಟ್ಟುತ್ತ, “ಆಕಿ ಬರ್ತಾಳ ಅಂತಿ?” ಎಂದು ಕೇಳಿದ. ಬರುತ್ತಾಳೆ ಎಂದೆ. “ಬಳಿ ಗಡಿಗ್ಯಾಗ ಇಟ್ಟೀನಿ, ಒಂದೂ ಒಡದಿಲ್ಲ” ಎಂದ. ಬಸ್ ಸ್ಟ್ಯಾಂಡಿನವರೆಗೆ ಬಿಡುತ್ತೇನೆಂದರೂ ಕೇಳದೆ ಆಟೋದವನೊಡನೆ ಜಗಳಾಡಿ ಕಡೆಗೆ ನಡೆದೇ ಹೋದ.

ಅಜ್ಜೀ, ಇಲ್ಲಿಂದ ಮುಂದೆ ನಿನಗೆ. ನಾನು ಓದಿದವಳೆಂದು ನೀನು ನಂಬಿದೆ. ಅರ್ಧ ಓದಿದ್ದೆ, ಪೂರ್ತಿ ಓದಿದವಳಂತೆ ಹೇಳಿದೆ. ತಪ್ಪು ತಾರೀಖಿನದು, ನಿನ್ನದಲ್ಲ, ತಾತನದಲ್ಲ. ಕನಕರಾಯಜ್ಜನಿಗಾಗಿ ಅಳುವುದಿದ್ದರೆ ದೇವದುರ್ಗದ ಮನೆಯಲ್ಲೇ ಕುಳಿತು ಅಳು. ತಾತ ಅಡ್ಡ ಬರುವವನಲ್ಲ, ಬಹುಶಃ ಪಕ್ಕದಲ್ಲೇ ಕುಳಿತುಕೊಳ್ಳುತ್ತಾನೆ. ಆದರೆ ಮನೆಗೆ ಬಾ. ಕಟ್ಟೆಯ ಮೇಲೆ ಮಲಗಬೇಡ, ಈಗಲೂ ಬೆಳಗಿನ ಜಾವ ಚಳಿ ಇದೆ.

ಯವ್ವಾ, ನಾನೇ ಗುಂಜಹಳ್ಳಿಗೆ ಹೋಗಬಹುದಿತ್ತು. ನಾಳೆಯಿಂದ ಟೆಸ್ಟ್ ಇದೆ, ಮತ್ತೆ ಹಲ್ಲುನೋವೆಂದರೆ ವಾರ್ಡನ್ ನಂಬುವುದಿಲ್ಲ. ಅದಕ್ಕೇ ನಿನ್ನನ್ನು ಕಳಿಸುತ್ತಿದ್ದೇನೆ.

ಎಲ್ಲರಿಗೂ ತಪ್ಪೊಪ್ಪಿಕೊಂಡು,

ನಿನ್ನ ಮಗಳು
ಅಂಬಮ್ಮ

ತಾ.ಕ.: ಇದನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ನಿನಗೊಬ್ಬಳಿಗೆ. ಅಜ್ಜಿಯ ಮುಂದೆ ಪತ್ರ ಬಿಚ್ಚುವ ಮೊದಲು ಇದನ್ನು ತೆಗೆದಿಡು.

ಪಟ್ಟಿಯಲ್ಲಿ 1943 ಎಂದು ಇರಲಿಲ್ಲ. ‘ಸ್ಕೆಚ್, ಜನವರಿ 1945’ ಎಂದಿತ್ತು. ತಾರು ಬಂದು ಒಂದು ವರ್ಷ ಕಳೆದ ಮೇಲೆ. ಉಡಿಕಿಗೆ ನಾಲ್ಕೈದು ತಿಂಗಳು ಮೊದಲು. ಎರಡು ಸಲ ಓದಿದೆ. ತಾತ ಪುಸ್ತಕ ನೋಡುತ್ತಿರಲಿಲ್ಲ, ನನ್ನ ಬಾಯಿ ನೋಡುತ್ತಿದ್ದ. ಆಗ ನನ್ನ ಬಾಯಿಂದ ಬೇರೆ ತಾರೀಖು ಬಂತು. ಮೊದಲ ಸಲ ಗೊತ್ತಿಲ್ಲದೆ ತಪ್ಪು ಹೇಳಿದ್ದೆ, ಈ ಸಲ ಗೊತ್ತಿದ್ದು ಹೇಳಿದೆ. ತಾತ ತನ್ನ ಮನೆ ಮುರಿಯುತ್ತದೆಂದು ಗೊತ್ತಿದ್ದೂ ನಿಜ ಹೇಳಿದ ಮೇಲೆ, ಅದೇ ಮೇಜಿನ ಮುಂದೆ.

ಟೆಸ್ಟ್ ಬುಧವಾರದಿಂದ, ನಾಳೆಯಿಂದಲ್ಲ. ಅಜ್ಜಿಯ ಕಣ್ಣು ನೋಡಿಕೊಂಡು ಈ ಸುಳ್ಳನ್ನು ಹೇಳುವುದು ನನ್ನಿಂದ ಆಗುವುದಿಲ್ಲ, ಅದಕ್ಕೇ ನಿನಗೆ ಹೊರಿಸುತ್ತಿದ್ದೇನೆ. ಶೇಷಗಿರಿ ಸರ್ ಒಂದು ದಿನ ಆ ಪಟ್ಟಿಯನ್ನು ತಾವೇ ನೋಡಿದರೆ ಏನು ಗತಿ ಎಂದು ನಿನ್ನೆಯಿಂದ ಲೈಬ್ರರಿಯ ಕಡೆ ಹೋಗಿಲ್ಲ. ಆಮೇಲೆ ಕನಕರಾಯ ಏನಾದನೋ, ಬಂದನೋ ಇಲ್ಲವೋ, ಯಾವ ಪುಸ್ತಕದಲ್ಲೂ ಇಲ್ಲ.

ನಿಜ ಹೇಳಬೇಕೆನಿಸಿದರೆ ಹೇಳು, ನಾನು ಬಂದು ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ. ಬೇಡವೆನಿಸಿದರೆ ಈ ಚೀಟಿಯನ್ನು ಒಲೆಗೆ ಹಾಕಿ ಆ ಪತ್ರವನ್ನೇ ಓದು. ಯಾವುದನ್ನು ಮಾಡಿದೆ ಎಂದು ನನಗೆ ತಿಳಿಸಬೇಡ ಎಂದು ಬರೆದು ಹೊಡೆದು ಹಾಕಿದ್ದೇನೆ, ನಿನಗೆ ಕಾಣುತ್ತದೆ. ತಿಳಿಸು. ನೀನು ಅವರ ಉಡಿಕಿಯ ಮಗಳು. ನೀನು ಯಾವುದನ್ನು ಓದಿದೆಯೋ ನಾನು ಇನ್ನು ಮುಂದೆ ಅದನ್ನೇ ಹೇಳುತ್ತೇನೆ.